ಹೊಲವಿದೆ, ಕಾಗದವಿಲ್ಲ

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಹುಡುಗನಿಗೋ ಹುಡುಗಿಗೋ ಹೊರದೇಶದ ವಿಶ್ವವಿದ್ಯಾಲಯದಿಂದ ಪ್ರವೇಶಪತ್ರ ಬಂತೆಂದರೆ, ಮುಕ್ಕಾಲು ಕೆಲಸ ಮುಗಿಯಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಉಳಿದದ್ದು ವೀಸಾ ತಾನೇ, ದಾವಣಗೆರೆಯಲ್ಲೋ ಬೆಂಗಳೂರಿನಲ್ಲೋ ಒಬ್ಬ ಏಜೆಂಟನ್ನು ಹಿಡಿದರೆ ಆಯಿತು ಎಂಬುದು ಎಲ್ಲರ ಲೆಕ್ಕ. ಈ ಲೆಕ್ಕ ತಪ್ಪುವುದು ಎಲ್ಲಿ ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ. ನನ್ನ ವಾದ ಇಷ್ಟು: ಬಯಲುಸೀಮೆಯ ರೈತರ ಮಕ್ಕಳು ವೀಸಾದಲ್ಲಿ ಎಡವುವುದು ಅಂಕಗಳಿಂದಲ್ಲ, ಎಷ್ಟೋ ಸಲ ಇಂಗ್ಲಿಷಿನಿಂದಲೂ ಅಲ್ಲ. ಅವರ ಮನೆಯ ಬದುಕು ಕಾಗದದ ಮೇಲೆ ಇಲ್ಲದಿರುವುದರಿಂದ ಎಡವುತ್ತಾರೆ. ಆ ಕಾಗದವನ್ನು ಅರ್ಜಿ ಹಾಕುವ ತಿಂಗಳಲ್ಲಿ ಹುಟ್ಟಿಸಲು ಬರುವುದಿಲ್ಲ. ಹುಟ್ಟಿಸಲು ಹೋದವರೇ ಹೆಚ್ಚು ಕಳೆದುಕೊಂಡಿದ್ದಾರೆ. ಆದ್ದರಿಂದ ವೀಸಾದ ಕೆಲಸ ಎರಡು ವರ್ಷ ಮೊದಲೇ, ತಾಲ್ಲೂಕು ಕಚೇರಿಯಲ್ಲಿ, ಬ್ಯಾಂಕಿನ ಶಾಖೆಯಲ್ಲಿ, ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಶುರುವಾಗಬೇಕು. ಅದನ್ನು ಮನೆಯವರೇ ಮಾಡಬೇಕು.

ವೀಸಾ ಅಧಿಕಾರಿ ತಿಳಿಯಬಯಸುವ ಸಂಗತಿಗಳು ದೇಶದಿಂದ ದೇಶಕ್ಕೆ ಹೆಸರು ಬದಲಿಸುತ್ತವೆಯೇ ಹೊರತು ತಿರುಳು ಒಂದೇ. ಈ ವಿದ್ಯಾರ್ಥಿ ನಿಜವಾಗಿ ಓದಲು ಬರುತ್ತಿದ್ದಾನೆಯೇ, ಓದಿನ ಮತ್ತು ಊಟ-ವಸತಿಯ ಖರ್ಚನ್ನು ಯಾರು ಭರಿಸುತ್ತಾರೆ, ಆ ಹಣ ಎಲ್ಲಿಂದ ಬಂತು. ಬ್ರಿಟನ್ನಿನಲ್ಲಿ ಇದಕ್ಕೆ ಅಂಕದ ಲೆಕ್ಕವೇ ಇದೆ. ಒಟ್ಟು 70 ಅಂಕದಲ್ಲಿ 50 ವಿಶ್ವವಿದ್ಯಾಲಯ ಕೊಡುವ ದೃಢೀಕರಣಕ್ಕೆ, 10 ಇಂಗ್ಲಿಷಿಗೆ, 10 ಹಣಕ್ಕೆ. ಹಣಕ್ಕೆ ಹತ್ತೇ ಅಂಕ ಎಂದು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, 70ಕ್ಕೆ 70 ಬಂದರಷ್ಟೇ ವೀಸಾ. 2025ರ ನವೆಂಬರಿನಿಂದ ಲಂಡನ್ನಿನ ಹೊರಗೆ ಓದುವವರು ತಿಂಗಳಿಗೆ 1,171 ಪೌಂಡಿನಂತೆ ಒಂಬತ್ತು ತಿಂಗಳ ಖರ್ಚನ್ನು ತೋರಿಸಬೇಕು. ಬೋಧನಾ ಶುಲ್ಕದಲ್ಲಿ ಕಟ್ಟದೆ ಉಳಿದದ್ದು ಬೇರೆ. ಆ ಹಣ ಖಾತೆಯಲ್ಲಿ ಸತತವಾಗಿ 28 ದಿನ ಇರಬೇಕು, ನಡುವೆ ಒಂದು ದಿನ ಒಂದು ರೂಪಾಯಿ ಕಡಿಮೆಯಾದರೂ ಎಣಿಕೆ ಮತ್ತೆ ಮೊದಲಿನಿಂದ. ಜರ್ಮನಿ ವರ್ಷಕ್ಕೆ 11,904 ಯೂರೋವನ್ನು ವಿದ್ಯಾರ್ಥಿಯ ಹೆಸರಿನ ನಿರ್ಬಂಧಿತ ಖಾತೆಯಲ್ಲಿ ಮೊದಲೇ ಇಡಿಸಿಕೊಂಡು, ಹೋದಮೇಲೆ ತಿಂಗಳಿಗೆ 992 ಯೂರೋ ಬಿಡುತ್ತದೆ. ಕೆನಡಾ 2023ರವರೆಗೆ 10,000 ಡಾಲರ್ ಕೇಳುತ್ತಿತ್ತು; 2024ರ ಜನವರಿಯಿಂದ ಅದು 20,635 ಆಯಿತು, 2025ರ ಸೆಪ್ಟೆಂಬರಿನಿಂದ 22,895. ಜರ್ಮನಿಯದಾಗಲಿ ಬ್ರಿಟನ್ನಿನದಾಗಲಿ, ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ 12 ಲಕ್ಷ ರೂಪಾಯಿ. ಕೆನಡಾದ್ದು ಅದಕ್ಕೂ ಮೇಲೆ. ಇದು ಓದಿನ ಶುಲ್ಕವಲ್ಲ, ಬರೀ ಹೊಟ್ಟೆಬಟ್ಟೆಯ ಖರ್ಚು.

ಈ 12 ಲಕ್ಷವನ್ನು ಜಗಳೂರಿನ ಮಳೆಯಾಶ್ರಿತ ಹೊಲದ ಪಕ್ಕದಲ್ಲಿ ಇಟ್ಟು ನೋಡಬೇಕು. ಐದು ಎಕರೆ ಮೆಕ್ಕೆಜೋಳ, ಎಕರೆಗೆ 15 ಕ್ವಿಂಟಲ್ ಎಂದು ಇಟ್ಟುಕೊಂಡರೆ 75 ಕ್ವಿಂಟಲ್. 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಅದೇ ಸಿಕ್ಕಿತೆಂದರೂ ಒಟ್ಟು 1,80,000. ಬೀಜ, ಗೊಬ್ಬರ, ಕೂಲಿ ಕಳೆಯುವ ಮೊದಲಿನ ಮೊತ್ತ ಇದು. 2025ರ ಸುಗ್ಗಿಯಲ್ಲಿ ಮಾರುಕಟ್ಟೆಯ ದರ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿದು, ರೈತರು ಖರೀದಿ ಕೇಂದ್ರಕ್ಕಾಗಿ ಬೀದಿಗಿಳಿದದ್ದು ರಾಜ್ಯಕ್ಕೆಲ್ಲ ಗೊತ್ತು. ಅಂದರೆ ಒಂದು ವರ್ಷದ ಊಟ-ವಸತಿಗೆ ವೀಸಾ ಕಚೇರಿ ಕೇಳುವ ಹಣ ಇಂಥ ಮನೆಯ ಆರೇಳು ವರ್ಷದ ಪೂರ್ತಿ ಬೆಳೆ. ಹಾಗಿದ್ದೂ ಈ ತಾಲ್ಲೂಕಿನಲ್ಲಿ ಮಕ್ಕಳನ್ನು ಹೊರಗೆ ಕಳಿಸುವ ಯೋಚನೆ ಮಾಡುವ ಮನೆಗಳಿವೆ. ಅವುಗಳ ಹತ್ತಿರ ಏನೂ ಇಲ್ಲವೆಂದಲ್ಲ. ಹತ್ತು-ಹದಿನೈದು ಎಕರೆ ಜಮೀನು, ಕೊಳವೆಬಾವಿಯ ಆಸರೆಯಲ್ಲಿ ಒಂದಿಷ್ಟು ಅಡಿಕೆ, ಊರಲ್ಲಿ ಮನೆ, ಹೆಂಗಸರ ಮೈಮೇಲಿನ ಬಂಗಾರ, ಸೊಸೈಟಿಯಲ್ಲಿ ಠೇವಣಿ, ನೆಂಟರಿಗೆ ಕೊಟ್ಟ ಕೈಗಡ. ಊರಿನವರ ಕಣ್ಣಿಗೆ ಇದು ಅನುಕೂಲಸ್ಥರ ಮನೆ. ವೀಸಾ ಕಚೇರಿಯ ಕಣ್ಣಿಗೆ ಇದರಲ್ಲಿ ಬಹುಪಾಲು ಇಲ್ಲವೇ ಇಲ್ಲ.

ಒಂದೊಂದಾಗಿ ನೋಡೋಣ. ಜಮೀನು ಆಸ್ತಿ ನಿಜ, ಆದರೆ ಅದು ಮಾರಿದಾಗಷ್ಟೇ ಹಣ. ಬ್ರಿಟನ್ನಿನ ನಿಯಮ ಜಮೀನನ್ನೂ ಬಂಗಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ತಕ್ಷಣ ತೆಗೆಯಬಹುದಾದ ನಗದು ಖಾತೆಯಲ್ಲಿರಬೇಕು. ಹಿನ್ನೆಲೆಯ ಪುರಾವೆಯಾಗಿ ಜಮೀನನ್ನು ನೋಡುವ ದೇಶಗಳೂ ಪಹಣಿಯಲ್ಲಿ ಯಾರ ಹೆಸರಿದೆ ಎಂದು ಕೇಳುತ್ತವೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಪೌತಿ ಖಾತೆ ಮಾಡಿಸಿಲ್ಲ, ಅಣ್ಣತಮ್ಮಂದಿರ ನಡುವೆ ಬಾಯಿಮಾತಿನ ಪಾಲು ಆಗಿದೆ, ದಾಖಲೆಯಲ್ಲಿ ಜಂಟಿ ಖಾತೆಯೇ ಉಳಿದಿದೆ. ಉಳುವವನಿಗೆ ಅನುಮಾನವಿಲ್ಲದ ಹೊಲ ಕಾಗದ ಓದುವವನಿಗೆ ಯಾರದ್ದೂ ಅಲ್ಲ. ಇನ್ನು ಸೊಸೈಟಿಯ ಠೇವಣಿ. ಕೃಷಿ ಪತ್ತಿನ ಸಹಕಾರ ಸಂಘ ರಿಸರ್ವ್ ಬ್ಯಾಂಕಿನ ಬ್ಯಾಂಕಿಂಗ್ ನಿಯಂತ್ರಣಕ್ಕೆ ಒಳಪಟ್ಟ ಬ್ಯಾಂಕಲ್ಲ. ಹಣ ಇಟ್ಟಿರುವ ಸಂಸ್ಥೆ ಆ ದೇಶದ ನಿಯಂತ್ರಕರ ಅಡಿಯಲ್ಲಿರಬೇಕು, ದಾಖಲೆಗಳು ಕಂಪ್ಯೂಟರಿನಲ್ಲಿರಬೇಕು ಎಂದು ಬ್ರಿಟನ್ ಕೇಳುತ್ತದೆ. ಹಳ್ಳಿಯ ಸಂಘದ ಕೈಬರಹದ ಪಾಸ್‌ಬುಕ್ಕು ಅಲ್ಲಿಗೆ ನಿಲ್ಲುತ್ತದೆ. ಚಿಕ್ಕಪ್ಪ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ, ಅವನ ಖಾತೆ ತೋರಿಸೋಣ ಎಂದರೆ ಬ್ರಿಟನ್ನಿನಲ್ಲಿ ಅದೂ ನಡೆಯದು. ವಿದ್ಯಾರ್ಥಿಯದ್ದು, ಸಂಗಾತಿಯದ್ದು, ತಂದೆ-ತಾಯಿಯದ್ದು ಅಥವಾ ಕಾನೂನುಬದ್ಧ ಪೋಷಕರದ್ದು ಮಾತ್ರ ಆಗಬೇಕು. ತಂದೆ-ತಾಯಿಯದ್ದಾದರೆ ಸಂಬಂಧ ತೋರಿಸುವ ಜನನ ಪ್ರಮಾಣಪತ್ರ ಮತ್ತು ಅವರ ಒಪ್ಪಿಗೆ ಪತ್ರ ಜೊತೆಗಿರಬೇಕು. ಒಟ್ಟು ಕುಟುಂಬದ ಆಸರೆಯಲ್ಲೇ ಬೆಳೆದ ಹುಡುಗನಿಗೆ, ಆ ಆಸರೆಗೆ ಫೈಲಿನಲ್ಲಿ ಜಾಗವಿಲ್ಲವೆಂಬುದು ಆಗ ತಿಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಬೆಳೆಯ ಹಣದ ಬಗ್ಗೆ. ಜಗಳೂರಿನ ಮೆಕ್ಕೆಜೋಳ ದಾವಣಗೆರೆಯ ಮಾರುಕಟ್ಟೆಗೋ ಊರಿಗೇ ಬರುವ ವ್ಯಾಪಾರಿಗೋ ಹೋಗುತ್ತದೆ. ಲಾರಿ ತೂಕ ಮಾಡಿ, ಮೊದಲೇ ಕೊಟ್ಟಿದ್ದ ಗೊಬ್ಬರದ ಸಾಲ, ಬಡ್ಡಿ, ಹಮಾಲಿ ಎಲ್ಲ ಮುರಿದುಕೊಂಡು ಉಳಿದದ್ದನ್ನು ನಗದಾಗಿ ಎಣಿಸಿ, ಒಂದು ಬಿಳಿ ಚೀಟಿಯ ಮೇಲೆ ಬರೆದುಕೊಟ್ಟರೆ ವರ್ಷದ ವ್ಯವಹಾರ ಮುಗಿಯಿತು. ಆ ಚೀಟಿಯ ಮೇಲೆ ಸಂಖ್ಯೆ ಇರುತ್ತದೆ; ಅಂಗಡಿಯ ಹೆಸರು, ಲೈಸೆನ್ಸ್ ನಂಬರು, ಸಹಿ ಇರುವುದಿಲ್ಲ. ರೈತ ಸಂಘಟನೆಗಳು ಈ ಬಿಳಿ ಚೀಟಿಯ ವಿರುದ್ಧ ವರ್ಷಗಳಿಂದ ಕೂಗುತ್ತಿರುವುದು ತೂಕ ಮತ್ತು ಕಮಿಷನ್ನಿನ ಮೋಸಕ್ಕಾಗಿ. ಆದರೆ ಅದು ರೈತನ ಆದಾಯದ ದಾಖಲೆಯನ್ನೇ ಅಳಿಸುತ್ತದೆ ಎಂಬುದು ಮಗಳ ವೀಸಾ ಹೊತ್ತಿಗೆ ಕಾಣುತ್ತದೆ. ಇದೇ ಜಿಲ್ಲೆಯ ಚನ್ನಗಿರಿಗೆ ಹೋದರೆ ಚಿತ್ರ ಬೇರೆ. ಅಲ್ಲಿನ ಅಡಿಕೆ ಬೆಳೆಗಾರ ತುಮ್ಕೋಸ್‌ನಂಥ ಸಹಕಾರ ಸಂಘಕ್ಕೆ ಮಾಲು ಹಾಕಿದರೆ ತೂಕ, ದರ, ಸಂದಾಯ ಎಲ್ಲ ಸದಸ್ಯನ ಹೆಸರಿನ ಲೆಕ್ಕದಲ್ಲಿ ಉಳಿಯುತ್ತದೆ. ಅಡಿಕೆಗೆ ದರವೂ ಹೆಚ್ಚು, ಅದು ನಿಜ. ಆದರೂ ಇಬ್ಬರಿಗೂ ಸಮನಾದ ಆದಾಯ ಬಂದ ವರ್ಷದಲ್ಲಿ ಕೂಡ ಚನ್ನಗಿರಿಯವನು ಅದನ್ನು ಸಾಬೀತು ಮಾಡಬಲ್ಲ, ಜಗಳೂರಿನವನು ಬಾಯಲ್ಲಿ ಹೇಳಬಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿರುವುದು ರೈತನಿಗೆ ದೊಡ್ಡ ಅನುಕೂಲವಾದರೂ, ಅದರಿಂದಾಗಿಯೇ ಆದಾಯ ತೆರಿಗೆ ರಿಟರ್ನ್ಸ್ ಎಂಬ, ಎಲ್ಲ ದೇಶದ ಅಧಿಕಾರಿಗಳೂ ಓದಬಲ್ಲ ದಾಖಲೆ ಅವನ ಕೈಯಲ್ಲಿ ಇರುವುದಿಲ್ಲ. ತೆರಿಗೆ ಬಾರದಿದ್ದರೂ ಕೃಷಿ ಆದಾಯವನ್ನು ನಮೂದಿಸಿ ರಿಟರ್ನ್ಸ್ ಸಲ್ಲಿಸಬಹುದು. ಹೀಗೆ ಎರಡು ವರ್ಷ ಸಲ್ಲಿಸಿದ ಮನೆಯ ಫೈಲಿಗೂ, ಅರ್ಜಿಯ ಹಿಂದಿನ ವಾರ ಲೆಕ್ಕಪರಿಶೋಧಕರಿಂದ ಬರೆಸಿಕೊಂಡ ಒಂದು ಪುಟದ ಪತ್ರವಿರುವ ಫೈಲಿಗೂ ಅಧಿಕಾರಿಯ ಮೇಜಿನ ಮೇಲೆ ಅಜಗಜಾಂತರ.

ಸಾಲ ತೆಗೆದರೆ ಇದೆಲ್ಲ ತಪ್ಪುತ್ತದಲ್ಲ ಎಂಬ ಪ್ರಶ್ನೆ ಸಹಜ. ಬ್ಯಾಂಕಿನ ಶಿಕ್ಷಣ ಸಾಲದ ಮಂಜೂರಾತಿ ಪತ್ರ ಒಳ್ಳೆಯ ಪುರಾವೆಯೇ; ಎಷ್ಟೋ ಮನೆಗಳಿಗೆ ಪ್ರಾಮಾಣಿಕವಾದ ದಾರಿ ಅದೊಂದೇ. ಆದರೆ ಅಲ್ಲಿಯೂ ಹೊಲ ಅಡ್ಡ ಬರುತ್ತದೆ. ಬ್ಯಾಂಕುಗಳ ಮಾದರಿ ಯೋಜನೆಯ ಪ್ರಕಾರ 7.5 ಲಕ್ಷ ರೂಪಾಯಿ ಮೀರಿದ ಸಾಲಕ್ಕೆ ಆಸ್ತಿಯ ಭದ್ರತೆ ಬೇಕು, ಹೊರದೇಶದ ಓದು ಆ ಗೆರೆಯನ್ನು ದಾಟದೆ ಇರುವುದಿಲ್ಲ. ಸಾಲ ಕೆಟ್ಟರೆ ಬ್ಯಾಂಕುಗಳು ನ್ಯಾಯಾಲಯಕ್ಕೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ರೈತನ ಹೊಲ ಹರಾಜಾಗಬಾರದೆಂದು ಇಟ್ಟ ರಕ್ಷಣೆ ಅದು, ಇರಬೇಕಾದದ್ದೇ. ಅದರ ಇನ್ನೊಂದು ಮುಖವೆಂದರೆ, ಹದಿನೈದು ಎಕರೆ ಇದ್ದರೂ ಶಿಕ್ಷಣ ಸಾಲಕ್ಕೆ ಅದನ್ನು ಭದ್ರತೆಯಾಗಿ ಒಪ್ಪಲು ಬ್ಯಾಂಕು ಹಿಂಜರಿಯುತ್ತದೆ. ಭೂಪರಿವರ್ತನೆಯಾದ ನಿವೇಶನವೋ ಪಟ್ಟಣದ ಮನೆಯೋ ಇದೆಯೇ ಎಂದು ಕೇಳುತ್ತದೆ. ಹಳ್ಳಿಯ ಮನೆಯನ್ನೇ ಕೊಡುವುದಾದರೆ ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಸಿಕ್ಕಿರಬೇಕು. ಆ ನಮೂನೆಗಾಗಿ ಅಲೆಯುವುದು ಎಷ್ಟು ತಿಂಗಳ ಕೆಲಸವೆಂದು ಹಳ್ಳಿಯಲ್ಲಿ ಮನೆ ಇರುವವರಿಗೆ ಹೇಳಬೇಕಾಗಿಲ್ಲ. 2024ರ ಕೊನೆಗೆ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಹೆಸರು ಕೇಳಿ ಆಸೆಪಟ್ಟವರಿಗೆ ಒಂದು ಮಾತು: ಭದ್ರತೆಯಿಲ್ಲದ ಆ ಸಾಲ ದೇಶದೊಳಗಿನ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ.

ಇಷ್ಟೆಲ್ಲ ಅಡ್ಡಿಗಳ ನಡುವೆ ನಿಂತ ಮನೆಗೆ ಯಾರೋ ಬಂದು, ಫಂಡ್ ನಾವು ತೋರಿಸುತ್ತೇವೆ, ತಿಂಗಳ ಮಟ್ಟಿಗೆ ನಿಮ್ಮ ಖಾತೆಗೆ ಹಾಕಿ ತೆಗೆಯುತ್ತೇವೆ, ಬಡ್ಡಿ ಕೊಟ್ಟರೆ ಸಾಕು ಎಂದಾಗ ಅದು ಉಪಕಾರವೆಂದೇ ಕಾಣುತ್ತದೆ. ವರ್ಷವಿಡೀ ಹತ್ತು-ಇಪ್ಪತ್ತು ಸಾವಿರ ಓಡಾಡಿದ ಖಾತೆಗೆ ಒಂದು ಮಂಗಳವಾರ 15 ಲಕ್ಷ ಬಂದು ಕೂತರೆ, ಅದು ಎಲ್ಲಿಂದ ಬಂತು ಎಂಬ ಪ್ರಶ್ನೆ ಅಧಿಕಾರಿಗೆ ಏಳದೆ ಇರುವುದಿಲ್ಲ. ಉತ್ತರ ಇಲ್ಲದಿದ್ದರೆ ವೀಸಾ ನಿರಾಕರಣೆ. ಸುಳ್ಳು ದಾಖಲೆ ಎಂದು ತೀರ್ಮಾನವಾದರೆ ಅದಕ್ಕಿಂತ ಘೋರ. ಕೆನಡಾ ಐದು ವರ್ಷ, ಬ್ರಿಟನ್ ಹತ್ತು ವರ್ಷ ಬಾಗಿಲು ಮುಚ್ಚುತ್ತದೆ. ಅಮೆರಿಕದ ಕಾನೂನಿನಲ್ಲಿ ಸುಳ್ಳು ಹೇಳಿ ವೀಸಾ ಕೇಳಿದವರಿಗೆ ಶಾಶ್ವತ ನಿಷೇಧವೇ ಇದೆ. ಸುಗ್ಗಿ ಮುಗಿದು ಪ್ರಾಮಾಣಿಕವಾಗಿ ಒಂದೇ ಸಲಕ್ಕೆ ಬಂದ ಬೆಳೆಯ ಹಣವೂ ಕಾಗದದ ಮೇಲೆ ಇದೇ ರೂಪದಲ್ಲಿ ಕಾಣುತ್ತದೆ ಎಂಬುದು ರೈತರ ಮಕ್ಕಳಿಗೆ ಇರುವ ವಿಶೇಷ ಸಂಕಟ. ಸುಳ್ಳಿನ 15 ಲಕ್ಷವನ್ನೂ ಬೆವರಿನ 15 ಲಕ್ಷವನ್ನೂ ಬೇರ್ಪಡಿಸಿ ತೋರಿಸುವುದು ಮಾರಾಟದ ಅಧಿಕೃತ ಬಿಲ್ಲೊಂದೇ. ದಲಾಲಿಯವನು ಕೊಡಲು ಮುಖ ಸಿಂಡರಿಸಿದರೂ ಅದನ್ನು ಕೇಳಿ ಪಡೆಯಬೇಕು, ಹಣವನ್ನು ಖಾತೆಗೇ ಹಾಕಿಸಿಕೊಳ್ಳಬೇಕು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಹಳ್ಳಿಯ ತಂದೆ-ತಾಯಿಗೆ ಈ ನಿಯಮಗಳೆಲ್ಲ ಹೇಗೆ ತಿಳಿಯಬೇಕು, ಅದಕ್ಕೇ ಅಲ್ಲವೇ ಏಜೆಂಟರು ಇರುವುದು? ಒಳ್ಳೆಯ ಸಲಹೆಗಾರರು ಇದ್ದಾರೆ, ಅವರಿಂದ ಸಹಾಯವೂ ಆಗುತ್ತದೆ. ಆದರೆ ಎರಡು ಸಂಗತಿ ಮರೆಯಬಾರದು. ಹೊರದೇಶದ ಅನೇಕ ಕಾಲೇಜುಗಳು ತಮಗೆ ವಿದ್ಯಾರ್ಥಿಯನ್ನು ಸೇರಿಸಿಕೊಟ್ಟ ಏಜೆಂಟರಿಗೆ ಕಮಿಷನ್ ಕೊಡುತ್ತವೆ. ನಿಮ್ಮಿಂದ ಶುಲ್ಕವನ್ನೇ ತೆಗೆದುಕೊಳ್ಳದ ಏಜೆಂಟು ಯಾರಿಂದ ಹಣ ಪಡೆಯುತ್ತಾನೆಂದು ಕೇಳಿದರೆ, ಅವನು ಸೂಚಿಸಿದ ಕಾಲೇಜು ಯಾಕೆ ಅದೇ ಆಯಿತೆಂಬುದೂ ತಿಳಿಯಬಹುದು. ಎರಡನೆಯದು, ಅರ್ಜಿಯ ಕೊನೆಯಲ್ಲಿ ಸಹಿ ಹಾಕುವುದು ವಿದ್ಯಾರ್ಥಿ. ಕೆನಡಾದಲ್ಲಿ 2023ರಲ್ಲಿ ಬಯಲಾದ ಪ್ರಕರಣ ಇದಕ್ಕೆ ಸಾಕ್ಷಿ. ಪಂಜಾಬಿನ ಜಲಂಧರ್‌ನ ಏಜೆಂಟೊಬ್ಬನ ಮೂಲಕ ಹೋದ ನೂರಾರು ವಿದ್ಯಾರ್ಥಿಗಳ ಕಾಲೇಜು ಪ್ರವೇಶಪತ್ರಗಳೇ ನಕಲಿ ಎಂದು ವರ್ಷಗಳ ನಂತರ, ಅವರು ಕಾಯಂ ವಾಸಕ್ಕೆ ಅರ್ಜಿ ಹಾಕಿದಾಗ ಪತ್ತೆಯಾಯಿತು. ಗಡೀಪಾರಿನ ನೋಟಿಸು ಬಂದದ್ದು ಆ ಮಕ್ಕಳಿಗೆ. ಪ್ರತಿಭಟನೆಯ ನಂತರ ಕೆನಡಾ ಸರ್ಕಾರ ನಿಜವಾಗಿ ಓದಲು ಬಂದವರನ್ನು ಬೇರ್ಪಡಿಸಿ ನೋಡಲು ಒಪ್ಪಿತು, ಏಜೆಂಟ್ 2024ರಲ್ಲಿ ಅಲ್ಲಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೂ ಒಳಗಾದ. ಆದರೆ ಆ ನಡುವೆ ಆ ಮನೆಗಳು ಅನುಭವಿಸಿದ್ದನ್ನು ಯಾವ ತೀರ್ಪೂ ಹಿಂದಿರುಗಿಸದು. ಪ್ರವೇಶಪತ್ರ ಬಂದ ದಿನವೇ ಆ ಕಾಲೇಜಿನ ಪ್ರವೇಶ ವಿಭಾಗಕ್ಕೆ ವಿದ್ಯಾರ್ಥಿಯೇ ನೇರವಾಗಿ ಬರೆದು, ಈ ಪತ್ರ ನೀವು ಕೊಟ್ಟದ್ದೇ ಎಂದು ಕೇಳಲು ಖರ್ಚೇನೂ ಇಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಎಷ್ಟು ತಯಾರಿ ಮಾಡಿದರೇನು, ಎಲ್ಲ ಅಧಿಕಾರಿಯ ಮರ್ಜಿ ಮತ್ತು ನಮ್ಮ ಹಣೆಬರಹ ಎನ್ನುವವರ ಕಡೆ ಅಂಕಿಸಂಖ್ಯೆಗಳಿವೆ. ಅಮೆರಿಕ 2023–24ರ ಹಣಕಾಸು ವರ್ಷದಲ್ಲಿ ಜಗತ್ತಿನಾದ್ಯಂತ ಬಂದ ವಿದ್ಯಾರ್ಥಿ ವೀಸಾ ಅರ್ಜಿಗಳಲ್ಲಿ ನೂರಕ್ಕೆ ಸುಮಾರು 41ನ್ನು ತಿರಸ್ಕರಿಸಿತು. ಕೆನಡಾ 2025ರ ಆಗಸ್ಟಿನಲ್ಲಿ ಭಾರತೀಯರ ಅರ್ಜಿಗಳಲ್ಲಿ ನೂರಕ್ಕೆ 74ರಷ್ಟನ್ನು ತಳ್ಳಿಹಾಕಿತು. ಅದಕ್ಕೆ ಎರಡು ವರ್ಷ ಮೊದಲು ಅದೇ ತಿಂಗಳಲ್ಲಿ ಅದು 32 ಇತ್ತು. ಅಮೆರಿಕದ ಸಂದರ್ಶನ ಎರಡು-ಮೂರು ನಿಮಿಷದಲ್ಲಿ ಮುಗಿಯುವುದುಂಟು, ಮತ್ತು ಅಲ್ಲಿನ ಕಾನೂನಿನ 214(ಬಿ) ವಿಧಿ ಅರ್ಜಿದಾರ ಅಲ್ಲೇ ನೆಲೆಸಲು ಬಂದವನೆಂದು ಮೊದಲೇ ಭಾವಿಸಿಕೊಂಡು, ಅಲ್ಲವೆಂದು ತೋರಿಸುವ ಹೊಣೆಯನ್ನು ಅವನ ಮೇಲೇ ಹಾಕುತ್ತದೆ. ಬೆಂಗಳೂರಿನಲ್ಲಿ 2025ರ ಜನವರಿ 17ರಂದು ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ವೀಸಾ ಕೆಲಸ ಅದರ ಜೊತೆಗೇ ಶುರುವಾಗಲಿಲ್ಲ. ಚೆನ್ನೈಗೋ ಹೈದರಾಬಾದಿಗೋ ಹೋಗುವುದು ಕನ್ನಡಿಗರಿಗೆ ರೂಢಿಯಾಗಿದೆ. ಇವೆಲ್ಲ ನಿಜ, ಯಾರ ಕೈಯಲ್ಲೂ ಇಲ್ಲದ ಭಾಗವೊಂದು ಇದ್ದೇ ಇದೆ. ಆದರೆ ನಿಯಮ ಬಿಗಿಯಾದಷ್ಟೂ ಮೊದಲು ಉದುರುವುದು ಅಡ್ಡಾದಿಡ್ಡಿಯಾದ ಫೈಲುಗಳೇ. ಕೆನಡಾದ ಅಧಿಕಾರಿಗಳು 2023ರಲ್ಲಿ ಸುಮಾರು 1,550 ಅರ್ಜಿಗಳಲ್ಲಿ ನಕಲಿ ಪ್ರವೇಶಪತ್ರ ಕಂಡರು, ಹೆಚ್ಚಿನವು ಭಾರತದವು. ಆ ಸುಳ್ಳಿನ ದಂಡವನ್ನು ಈಗ ನಿಜದ ಅರ್ಜಿದಾರರು ಕಟ್ಟುತ್ತಿದ್ದಾರೆ. ಅನುಮಾನದ ಕಣ್ಣಿಂದಲೇ ಓದುವ ಅಧಿಕಾರಿಯ ಮುಂದೆ ಹೊಂದಿಕೆಯಿರುವ ಕಾಗದಕ್ಕೆ ಬೆಲೆ ಹೆಚ್ಚೇ ಹೊರತು ಕಡಿಮೆಯಲ್ಲ.

ಹೊಂದಿಕೆಯ ಮಾತು ಬಂದಾಗ ಹೆಸರಿನ ವಿಷಯ ಹೇಳಲೇಬೇಕು. ನಮ್ಮಲ್ಲಿ ಮನೆತನದ ಹೆಸರು ಬರೆಯುವ ರೂಢಿ ಎಲ್ಲರಲ್ಲೂ ಇಲ್ಲ. ತಂದೆಯ ಹೆಸರಿನ ಮೊದಲಕ್ಷರವೇ ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಟಿ’, ಆಧಾರ್‌ನಲ್ಲಿ ‘ಟಿ ಮಂಜುನಾಥ್’, ಪದವಿ ಪ್ರಮಾಣಪತ್ರದಲ್ಲಿ ‘ಮಂಜುನಾಥ ತಿಪ್ಪೇಸ್ವಾಮಿ’. ತಂದೆ ಪಹಣಿಯಲ್ಲಿ ‘ತಿಪ್ಪೇಸ್ವಾಮಿ ಬಿನ್ ಬಸಪ್ಪ’, ಬ್ಯಾಂಕಿನಲ್ಲಿ ‘ಬಿ ತಿಪ್ಪೇಸ್ವಾಮಿ’. ಊರಿಗೆಲ್ಲ ಇವರಿಬ್ಬರೇ, ಕಂಪ್ಯೂಟರಿಗೆ ಐದು ಮಂದಿ. ಪಾಸ್‌ಪೋರ್ಟಿನಲ್ಲಿ ಉಪನಾಮವಿಲ್ಲದೆ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದನ್ನೇ ಉಪನಾಮವೆಂದು ಬರೆದು, ಹೆಸರಿನ ಜಾಗದಲ್ಲಿ ‘ಹೆಸರು ತಿಳಿದಿಲ್ಲ’ ಎಂಬರ್ಥದ ಎಫ್‌ಎನ್‌ಯು ಎಂದು ಹಾಕುತ್ತಾರೆ. ಆಮೇಲೆ ಬ್ಯಾಂಕು, ಬಾಡಿಗೆ ಮನೆ, ಡ್ರೈವಿಂಗ್ ಲೈಸೆನ್ಸು ಎಲ್ಲದರಲ್ಲೂ ಅದೇ ಕಿರಿಕಿರಿ. ದಾವಣಗೆರೆಯ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರವಿರುವುದರಿಂದ ಅರ್ಜಿ ಹಾಕುವುದು ಈಗ ಸುಲಭ. ಆದರೆ ಹಾಕುವ ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ತಂದೆ-ತಾಯಿಯ ದಾಖಲೆಗಳನ್ನು ಒಂದೇ ಚಾಪೆಯ ಮೇಲೆ ಹರಡಿ ಅಕ್ಷರಕ್ಕಕ್ಷರ ತಾಳೆ ನೋಡುವುದಕ್ಕೆ ಒಂದು ಸಂಜೆ ಸಾಕು. ತಪ್ಪು ಕಂಡರೆ ತಿದ್ದಿಸಲು ತಿಂಗಳುಗಳು ಬೇಕು. ಜನನ ನೋಂದಣಿಯೇ ಆಗಿಲ್ಲದಿದ್ದರೆ ಅದು ಬೇರೆಯದೇ ಅಲೆದಾಟ.

ತನ್ನ ಬಗ್ಗೆ ವಿದ್ಯಾರ್ಥಿ ಬರೆಯಬೇಕಾದ ಉದ್ದೇಶಪತ್ರವನ್ನು, ಎಲ್ಲರೂ ಎಸ್‌ಒಪಿ ಎನ್ನುವುದನ್ನು, ಬರೆಸಿಕೊಳ್ಳುವ ರೂಢಿ ಬಂದುಬಿಟ್ಟಿದೆ. ಹೀಗೆ ಬರೆಸಿದ ಪತ್ರಗಳಲ್ಲಿ ಹೆಸರು ಬದಲಿಸಿದರೆ ಯಾರಿಗಾದರೂ ಒಪ್ಪುವ ಮಾತುಗಳು ತುಂಬಿರುತ್ತವೆ. ಆಸ್ಟ್ರೇಲಿಯಾ 2024ರ ಮಾರ್ಚ್ 23ರಿಂದ ಉದ್ದನೆಯ ಪ್ರಬಂಧವನ್ನೇ ಕೈಬಿಟ್ಟು, ನೇರ ಪ್ರಶ್ನೆಗಳಿಗೆ 150 ಪದ ಮೀರದ ಉತ್ತರ ಕೇಳುತ್ತಿದೆ: ಈ ಕೋರ್ಸೇ ಯಾಕೆ, ಈ ದೇಶವೇ ಯಾಕೆ, ಇದರಿಂದ ನಿನಗೇನು ಪ್ರಯೋಜನ. ಸಿವಿಲ್ ಎಂಜಿನಿಯರಿಂಗ್ ಓದಿದ ಜಗಳೂರಿನ ಹುಡುಗಿ ನೀರಿನ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿಗೆ ಹೊರಟಿದ್ದರೆ ಅವಳಿಗೆ ಉತ್ತರ ಹುಡುಕಿಕೊಂಡು ಹೋಗಬೇಕಾಗಿಲ್ಲ. ಫ್ಲೋರೈಡ್ ಬೆರೆತ ಕೊಳವೆಬಾವಿ ನೀರು, ತುಂಗಭದ್ರೆಯಿಂದ ಕೆರೆ ತುಂಬಿಸುವ ಯೋಜನೆ, ದಶಕಗಳಿಂದ ಕಾಯುತ್ತಿರುವ ಭದ್ರಾ ಮೇಲ್ದಂಡೆ, ಇವೆಲ್ಲ ಅವಳ ಕಣ್ಣೆದುರಿಗೇ ಇವೆ. ಇದನ್ನು ಸರಳ ಇಂಗ್ಲಿಷಿನಲ್ಲಿ ಅವಳೇ ಬರೆದರೆ, ಸಂದರ್ಶನದಲ್ಲಿ ಎದುರಿನಿಂದ ಯಾವ ಪ್ರಶ್ನೆ ಬಂದರೂ ಉತ್ತರ ಅವಳ ಬಾಯಲ್ಲೇ ಇರುತ್ತದೆ. ಬೇರೆಯವರು ಬರೆದುಕೊಟ್ಟ ಚೆಂದದ ವಾಕ್ಯ ಎರಡನೆಯ ಪ್ರಶ್ನೆಗೇ ಕೈಕೊಡುತ್ತದೆ.

ಇನ್ನೊಂದು ಆಕ್ಷೇಪವನ್ನು ನಾನು ಒಪ್ಪಿಕೊಂಡೇ ಉತ್ತರಿಸಬೇಕು. ಹಣವಿದ್ದವರಿಗಷ್ಟೇ ತೆರೆಯುವ ಬಾಗಿಲಿಗೆ ಬಡವರನ್ನು ಕಾಗದ ಹೊಂದಿಸಲು ಕಳಿಸುವುದು ಯಾವ ನ್ಯಾಯ? ನ್ಯಾಯವಲ್ಲ. ಬುದ್ಧಿಯನ್ನು ಅಳೆಯುವ ಕೆಲಸ ವಿಶ್ವವಿದ್ಯಾಲಯ ಮಾಡಿ ಮುಗಿಸಿದ ಮೇಲೆ, ವೀಸಾ ಕಚೇರಿ ಅಳೆಯುವುದು ಹುಟ್ಟಿದ ಮನೆಯನ್ನು. ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಲಾದದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ. ಆ ಮಾದರಿ ಇಂದಿಗೂ ಈ ಅನ್ಯಾಯಕ್ಕೆ ಇರುವ ಸರಿಯಾದ ಉತ್ತರ. ಖರ್ಚನ್ನು ಸರ್ಕಾರ ಭರಿಸುತ್ತದೆ ಎಂಬ ಮಂಜೂರಾತಿ ಪತ್ರವಿದ್ದರೆ ವೀಸಾ ಕಚೇರಿ ಮನೆಯ ಪಾಸ್‌ಬುಕ್ಕನ್ನು ಬಗೆದು ನೋಡುವ ಅಗತ್ಯ ಬಹುಮಟ್ಟಿಗೆ ಹೋಗುತ್ತದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ವರ್ಷಕ್ಕೆ 125 ಸ್ಥಾನಗಳಿವೆ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಪ್ರತ್ಯೇಕ ಯೋಜನೆಯಲ್ಲಿ ಇಡೀ ದೇಶಕ್ಕೆ 20. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯೂ ಹೊರದೇಶದ ಓದಿಗೆಂದೇ ಇದೆ. ಜಗಳೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರ; ನಾಯಕ ಸಮುದಾಯದ ಮನೆಗಳು ಇಲ್ಲಿ ಹಳ್ಳಿಹಳ್ಳಿಯಲ್ಲಿವೆ. ದೇಶಕ್ಕೆಲ್ಲ 20 ಸ್ಥಾನವೆಂಬುದು ತೀರಾ ಕಡಿಮೆ, ಹೆಚ್ಚಿಸಲೇಬೇಕು. ಆದರೆ ಇರುವ ಸ್ಥಾನಕ್ಕೆ ಈ ತಾಲ್ಲೂಕಿನ ಮಕ್ಕಳು ಅರ್ಜಿಯನ್ನಾದರೂ ಹಾಕುವಂತೆ ಆಗಬೇಕು. ಇಲ್ಲಿಯೂ ಕಾಗದದ ಎಚ್ಚರ ಬೇಕು. ವಿದ್ಯಾರ್ಥಿವೇತನಕ್ಕೆಂದು ನಾಡಕಚೇರಿಯಲ್ಲಿ ಪಡೆದ ಆದಾಯ ಪ್ರಮಾಣಪತ್ರದಲ್ಲಿ ಒಂದು ಮೊತ್ತ, ಸಾಲಕ್ಕೂ ವೀಸಾಕ್ಕೂ ಬರೆಸಿದ ಪತ್ರದಲ್ಲಿ ಅದರ ಹತ್ತು ಪಟ್ಟು ಇದ್ದರೆ, ಒಂದನ್ನು ನಂಬಿದವರು ಇನ್ನೊಂದನ್ನು ನಂಬುವುದಿಲ್ಲ. ಮನೆಯ ಆದಾಯ ಎಲ್ಲ ಕಚೇರಿಯಲ್ಲೂ ಒಂದೇ ಆಗಿರಲಿ, ಅದು ನಿಜವೂ ಆಗಿರಲಿ.

ವೀಸಾ ಸಿಕ್ಕರೆ ಓದಿಗೂ ಬೆಲೆ ಸಿಕ್ಕಿತೆಂದು ತಿಳಿಯುವುದು ಇನ್ನೊಂದು ಅಪಾಯ, ವೈದ್ಯಕೀಯ ಓದಿನಲ್ಲಿ ಅದು ಢಾಳಾಗಿ ಕಾಣುತ್ತದೆ. ನಮ್ಮ ಜಿಲ್ಲೆಯ ನೆರೆಯ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವಿದ್ಯಾರ್ಥಿ 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ನೂರಕ್ಕೆ 97 ಅಂಕ ಬಂದರೂ ಇಲ್ಲಿ ಸೀಟು ಕೈಗೆಟುಕಲಿಲ್ಲವೆಂದು ತಂದೆ ಹೇಳಿದ ಮಾತು ಇಡೀ ದೇಶವನ್ನು ಕಲಕಿತು. ಮಗನ ದೇಹವನ್ನು ಮನೆಯವರು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಇಂಥ ಮಕ್ಕಳು ವೈದ್ಯಕೀಯ ಓದಿಗೆ ಅಷ್ಟು ದೂರ ಹೋದದ್ದು ಇಲ್ಲಿನ ಖಾಸಗಿ ಸೀಟಿನ ದರಕ್ಕೆ ಹೆದರಿ. ಅಂಥ ದೇಶಗಳಲ್ಲಿ ವೀಸಾ ಸುಲಭ, ಕಷ್ಟ ಹಿಂದಿರುಗಿದ ಮೇಲೆ. 2021ರ ನವೆಂಬರಿನ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ ಕೋರ್ಸ್ ಕನಿಷ್ಠ 54 ತಿಂಗಳದ್ದಾಗಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು, ಪಾಠ ಇಂಗ್ಲಿಷಿನಲ್ಲಿರಬೇಕು; ಹೋಗುವ ಮೊದಲೇ ನೀಟ್ ಪಾಸಾಗಿರಬೇಕು. ಇದಾವುದನ್ನೂ ವೀಸಾ ಕಚೇರಿ ಪರೀಕ್ಷಿಸುವುದಿಲ್ಲ, ಪರೀಕ್ಷಿಸುವುದು ಅದರ ಕೆಲಸವೂ ಅಲ್ಲ.

ಹೊರದೇಶಕ್ಕೆ ಹೋಗಲೇಬೇಕೆಂದು ಇಲ್ಲಿ ಹೇಳುತ್ತಿಲ್ಲ. ಹೋಗುವ ತೀರ್ಮಾನ ಮನೆಯದು. ಹೋಗಬೇಕೆಂದವರು ಕಾಗದದ ಕಾರಣಕ್ಕೆ ಸೋಲಬಾರದು ಎಂಬುದಷ್ಟೇ ಕಾಳಜಿ. ಅದಕ್ಕೆ ಬೇಕಾದ ಕೆಲಸಗಳಲ್ಲಿ ದೊಡ್ಡ ಖರ್ಚಿನದು ಯಾವುದೂ ಇಲ್ಲ. ಪದವಿಯ ಎರಡನೆಯ ವರ್ಷಕ್ಕೆ ಬಂದಾಗಲೇ ಪಾಸ್‌ಪೋರ್ಟ್, ಅದಕ್ಕೆ ಮೊದಲು ಹೆಸರಿನ ತಿದ್ದುಪಡಿ. ಅಜ್ಜನ ಹೆಸರಿನ ಪಹಣಿಗೆ ಪೌತಿ ಖಾತೆ. ಆ ವರ್ಷದ ಸುಗ್ಗಿಯಿಂದಲೇ ಅಧಿಕೃತ ಬಿಲ್ಲು, ಖಾತೆಗೆ ಹಣ, ವರ್ಷಕ್ಕೊಮ್ಮೆ ರಿಟರ್ನ್ಸ್. ಮನೆಯ ಇ-ಸ್ವತ್ತು. ಜರ್ಮನಿಗೆ ಹೊರಟವರಿಗೆ 2022ರ ನವೆಂಬರಿನಿಂದ ಕಡ್ಡಾಯವಾದ, ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೂ, ಉಳಿದವರಿಗೆ ಟ್ರಾನ್ಸ್‌ಕ್ರಿಪ್ಟಿಗೂ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಕಾಯುವ ಸಮಯ ಕೈಯಲ್ಲಿರಬೇಕು. ಇಷ್ಟನ್ನು ಹೇಳಿಕೊಡಲು ಕನ್ಸಲ್ಟೆನ್ಸಿ ಬೇಕಾಗಿಲ್ಲ. ತಾಲ್ಲೂಕಿನ ಪದವಿ ಕಾಲೇಜಿನಲ್ಲಿ ವರ್ಷಕ್ಕೆ ಎರಡು ದಿನ ಬ್ಯಾಂಕಿನ ವ್ಯವಸ್ಥಾಪಕರು, ನಾಡಕಚೇರಿಯ ಉಪ ತಹಶೀಲ್ದಾರರು, ಸಮಾಜ ಕಲ್ಯಾಣ ಇಲಾಖೆಯವರು ಒಟ್ಟಿಗೆ ಕೂತು ವಿದ್ಯಾರ್ಥಿಗಳಿಗೂ ಅವರ ತಂದೆ-ತಾಯಿಗೂ ಕನ್ನಡದಲ್ಲಿ ವಿವರಿಸಿದರೆ ಸಾಕು. ಮೊದಲ ಸಭೆಯನ್ನು ಜೂನಿನಲ್ಲಿ, ಬಿತ್ತನೆಯ ಗಡಿಬಿಡಿಗೆ ಮೊದಲು ಇಡಬೇಕು; ಎರಡನೆಯದನ್ನು ಅಕ್ಟೋಬರಿನಲ್ಲಿ, ಮೆಕ್ಕೆಜೋಳ ಮಾರುಕಟ್ಟೆಗೆ ಹೊರಡುವ ಮುಂಚೆ.